ಕೆನಡಾದ ಇನ್ನು (Innu) ಜನರ ಕೈಹೆಣಿಗೆಯ ಡ್ರೀಮ್‌ಕ್ಯಾಚರ್: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರೀಮ್‌ಕ್ಯಾಚರ್ ಅಂದರೆ ಏನು?

ಬಗ್ಗಿಸಿದ ಹಸಿ ಕಡ್ಡಿಯ ಒಂದು ಬಳೆ. ಅದರೊಳಗೆ ದಾರದ ಬಲೆ, ನಡುವೆ ಒಂದು ತೂತು. ಕೆಳಗೆ ಗರಿ, ಮಣಿ, ತೊಗಲಿನ ಪಟ್ಟಿಗಳು ಇಳಿಬಿದ್ದಿರುತ್ತವೆ. ಮಲಗುವ ಜಾಗದ ಮೇಲೆ ಕಟ್ಟಿದರೆ ಕೆಟ್ಟ ಕನಸು ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಒಳ್ಳೆಯದು ತೂತಿನಿಂದ ಇಳಿದು ಬರುತ್ತದೆ ಅನ್ನೋದು ಎಲ್ಲರೂ ಕೇಳಿರುವ ಮಾತು. ಬೆಂಗಳೂರಿನ ಕಾರುಗಳ ಕನ್ನಡಿಯಲ್ಲಿ, ಗೋಕರ್ಣದ ಕಡಲತೀರದ ಅಂಗಡಿಗಳಲ್ಲಿ ನೇತಾಡುವುದು ಇದರದೇ ನಕಲು. ಆದರೆ ಅವುಗಳಲ್ಲಿ ಹೆಚ್ಚಿನವು ಲೋಹದ ಅಥವಾ ಪ್ಲಾಸ್ಟಿಕ್ ಬಳೆಗೆ ನೈಲಾನ್ ದಾರ ಸುತ್ತಿ, ಬಣ್ಣ ಅದ್ದಿದ ಕೋಳಿ ಗರಿ ಕಟ್ಟಿದವು. ಇಲ್ಲಿ ಹೇಳಹೊರಟಿರುವುದು ಕೆನಡಾದ ‘ಇನ್ನು’ ಎಂಬ ಮೂಲನಿವಾಸಿ ಸಮುದಾಯದವರು ಕಾಡಿನ ಕಡ್ಡಿ, ಬೇಟೆಯ ತೊಗಲು, ಗರಿಗಳಿಂದ ಕೈಯಲ್ಲೇ ಹೆಣೆಯುವ ಡ್ರೀಮ್‌ಕ್ಯಾಚರ್ ಬಗ್ಗೆ.

ಇನ್ನು ಜನ ಯಾರು? ಇನೂಯಿಟ್ ಅಂತಾರಲ್ಲ, ಅವರೇನಾ?

ಅಲ್ಲ. ಇದು ತುಂಬಾ ಜನ ಮಾಡುವ ತಪ್ಪು. ಇನೂಯಿಟ್ ಜನ ಆರ್ಕ್ಟಿಕ್ ಕರಾವಳಿಯವರು, ಅವರ ಭಾಷೆಯ ಕುಟುಂಬವೇ ಬೇರೆ. ಇನ್ನು ಜನ ಪೂರ್ವ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಈಶಾನ್ಯ ಭಾಗ ಮತ್ತು ಅದರ ಪಕ್ಕದ ಲ್ಯಾಬ್ರಡಾರ್‌ನ ಕಾಡಿನವರು. ತಮ್ಮ ನೆಲವನ್ನು ನಿತಾಸಿನಾನ್ ಅನ್ನುತ್ತಾರೆ. ಭಾಷೆ ಇನ್ನು-ಐಮುನ್, ಅಲ್ಗಾಂಕಿಯನ್ ಕುಟುಂಬದ್ದು. ಕೆನಡಾದ ಇನ್ನೊಂದು ಮೂಲನಿವಾಸಿ ಜನರಾದ ಕ್ರೀಗಳ ಭಾಷೆಗೆ ತೀರಾ ಹತ್ತಿರ. ಹಳೆಯ ಪುಸ್ತಕಗಳಲ್ಲಿ ಇವರನ್ನು ಮೊಂತಾನ್ಯೆ, ನಸ್ಕಾಪಿ ಅಂತ ಕರೆದಿರುತ್ತಾರೆ.

ಕ್ವಿಬೆಕ್‌ನಲ್ಲಿ ಒಂಬತ್ತು, ಲ್ಯಾಬ್ರಡಾರ್‌ನಲ್ಲಿ ಎರಡು ಇನ್ನು ಊರುಗಳಿವೆ. ಸೇಂಟ್ ಜಾನ್ ಸರೋವರದ ದಡದ ಮಾಶ್ತೆವಿಯಾಚ್, ಸೆಪ್ಟ್-ಈಲ್ ಪಟ್ಟಣದ ಬಳಿಯ ವಾಶಾತ್ ಮತ್ತು ಮಾನಿ-ಉತೆನಾಮ್, ಲ್ಯಾಬ್ರಡಾರ್‌ನ ಶೆಶಾಶಿಯು, ನತುವಾಶಿಶ್ ಇವುಗಳಲ್ಲಿ ಕೆಲವು. ಎಲ್ಲಾ ಸೇರಿ 20 ಸಾವಿರಕ್ಕೂ ಜಾಸ್ತಿ ಜನ. ಊರುಗಳಲ್ಲಿ ನೆಲೆ ನಿಂತದ್ದು ಇತ್ತೀಚಿನ ಮಾತು. 20ನೇ ಶತಮಾನದ ಮಧ್ಯದವರೆಗೂ ಬಹಳಷ್ಟು ಕುಟುಂಬಗಳು ವರ್ಷದ ಹೆಚ್ಚಿನ ಕಾಲ ಕ್ಯಾರಿಬೂ ಹಿಂಡಿನ ಜಾಡು ಹಿಡಿದು, ಡೇರೆ ಹಾಕಿ, ಡೇರೆ ಕಿತ್ತು, ಒಳನಾಡಿನಲ್ಲೇ ಓಡಾಡುತ್ತಿದ್ದವು. ಕ್ಯಾರಿಬೂ ಅಂದರೆ ಉತ್ತರದ ಕಾಡು ಹಿಮಸಾರಂಗ.

ಡ್ರೀಮ್‌ಕ್ಯಾಚರ್ ಇವರದೇ ಮೂಲ ಕಲೆಯಾ?

ಮಾರುವವರು ಮರೆಸುವ ವಿಷಯ ಇದು. ಹಾಗಾಗಿ ನೇರವಾಗಿಯೇ ಹೇಳಬೇಕು: ಅಲ್ಲ.

ಡ್ರೀಮ್‌ಕ್ಯಾಚರ್‌ನ ಸ್ಪಷ್ಟ ದಾಖಲೆ ಸಿಗುವುದು ಒಜಿಬ್ವೆ ಜನರಲ್ಲಿ. ಅವರು ಅಮೆರಿಕ-ಕೆನಡಾ ಗಡಿಯ ಮಹಾ ಸರೋವರಗಳ ಸುತ್ತಲಿನವರು. ಫ್ರಾನ್ಸಿಸ್ ಡೆನ್ಸ್‌ಮೋರ್ ಎಂಬ ಸಂಶೋಧಕಿ ಒಜಿಬ್ವೆ ಮನೆಗಳಲ್ಲಿ ಕಂಡದ್ದನ್ನೆಲ್ಲ ಬರೆದು 1929ರಲ್ಲಿ ಪ್ರಕಟಿಸಿದರು. ಅದರಲ್ಲಿ ಈ ವಸ್ತುವಿನ ವಿವರ ಇದೆ. ಸುಮಾರು 9 ಸೆಂಟಿಮೀಟರ್ ಅಗಲದ ಮರದ ಬಳೆ, ಅದರೊಳಗೆ ತುರಚೆ ಜಾತಿಯ ಗಿಡದ ನಾರಿನಿಂದ ಹೆಣೆದ ಜೇಡರ ಬಲೆ. ನಾರಿಗೆ ಗಿಡದ ರಸದಿಂದ ಕೆಂಪು ಬಣ್ಣ. ಮಗುವನ್ನು ಕಟ್ಟಿ ಹೊರುವ ತೊಟ್ಟಿಲ ಹಲಗೆಯ ಮುಂದೆ ಇಂಥ ಎರಡು ಬಳೆಗಳನ್ನು ತೂಗುಬಿಡುತ್ತಿದ್ದರು. ಮಗುವಿನತ್ತ ಬರುವ ಕೇಡನ್ನು ಜೇಡರ ಬಲೆ ಹಿಡಿಯುವ ಹಾಗೆ ಇವು ಹಿಡಿಯಲಿ ಅಂತ. ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕ ವಸ್ತು. ಇವತ್ತು ಗೋಡೆ ತುಂಬುವ ಡ್ರೀಮ್‌ಕ್ಯಾಚರ್‌ಗೂ ಅದಕ್ಕೂ ಗಾತ್ರದಲ್ಲಿ ಎಷ್ಟು ವ್ಯತ್ಯಾಸ ನೋಡಿ.

1960, 70ರ ದಶಕಗಳಲ್ಲಿ ಉತ್ತರ ಅಮೆರಿಕದ ಬೇರೆ ಬೇರೆ ಮೂಲನಿವಾಸಿ ಸಮುದಾಯಗಳು ಹಕ್ಕಿಗಾಗಿ ಒಟ್ಟಾಗಿ ನಿಂತವು. ಹಾಡು, ಕುಣಿತ, ಕರಕುಶಲ ಎಲ್ಲವೂ ಒಬ್ಬರಿಂದ ಒಬ್ಬರಿಗೆ ಹೋದವು. ಡ್ರೀಮ್‌ಕ್ಯಾಚರ್ ಹಾಗೆ ಹರಡಿತು. ಇನ್ನು ಜನರ ಊರುಗಳಿಗೂ ಬಂತು. ಆಮೇಲೆ ಪೇಟೆಯವರು ಅದನ್ನು ಜಗತ್ತಿಗೆಲ್ಲ ಮಾರಿದರು.

ಹಾಗಾದರೆ ಇನ್ನು ಜನರ ಕೈಯಿಂದ ಬಂದದ್ದು ಅಸಲಿ ಅಲ್ವಾ?

ಅಸಲಿಯೇ. ಆಕಾರ ನೆರೆಯವರಿಂದ ಬಂದಿರಬಹುದು, ಬಲೆ ಹೆಣೆಯುವ ಕೈ ಇವರದೇ. ಅದಕ್ಕೆ ಇವರ ಸ್ನೋಶೂ ನೋಡಬೇಕು.

ಮೊಣಕಾಲುದ್ದ ಹಿಮದ ಮೇಲೆ ಹೂತುಹೋಗದೆ ನಡೆಯಲು ಕಾಲಿಗೆ ಕಟ್ಟಿಕೊಳ್ಳುವ ಅಗಲದ ಪಾದುಕೆ ಅದು. ಸುತ್ತಲಿನ ಚೌಕಟ್ಟು ಬರ್ಚ್ ಮರದ್ದು, ಆವಿಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿದ್ದು. ವಾಡಿಕೆಯಂತೆ ಚೌಕಟ್ಟು ಗಂಡಸರ ಕೆಲಸ, ಒಳಗಿನ ಬಲೆ ಹೆಂಗಸರ ಕೆಲಸ. ಹದ ಮಾಡದ ಕ್ಯಾರಿಬೂ ತೊಗಲನ್ನು ನೆನೆಸಿ, ಅಂಚಿನಿಂದ ಸುರುಳಿಯಾಗಿ ಒಂದೇ ಉದ್ದಕ್ಕೆ ಕತ್ತರಿಸುತ್ತಾ ಹೋಗುತ್ತಾರೆ. ಒದ್ದೆ ಇರುವಾಗಲೇ ಹೆಣೆಯುತ್ತಾರೆ. ಒಣಗುತ್ತಾ ಬಂದ ಹಾಗೆ ತೊಗಲು ಕುಗ್ಗಿ ಬಲೆ ಬಿಗಿಯಾಗುತ್ತದೆ. ಇನ್ನು ಹೆಂಗಸರ ಈ ಹೆಣಿಗೆಯ ಕಣ್ಣುಗಳು ಎಷ್ಟು ಸಣ್ಣ ಅಂದರೆ, ಬೆಳಕಿಗೆ ಹಿಡಿದರೆ ಬಟ್ಟೆ ನೇಯ್ದ ಹಾಗೆ ಕಾಣುತ್ತದೆ. ಪುಡಿ ಹಿಮ ಬೀಳುವ ಒಳನಾಡಿಗೆ ಅಷ್ಟು ಒತ್ತಾದ ಬಲೆಯೇ ಬೇಕು. ನಡುವೆ ಒಂದು ಕಡೆ ದಾರ ಸಡಿಲವಾದರೆ ಬೇಟೆಗಾರ ಮನೆಯಿಂದ ದೂರದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಸುಮ್ನೆ ಅಂದಕ್ಕೆ ಮಾಡಿದ್ದಲ್ಲ.

ಅಂಥ ಬೆರಳುಗಳು ಡ್ರೀಮ್‌ಕ್ಯಾಚರ್ ಹೆಣೆದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಹಾಗಾಗಿ "ಇದು ಸಾವಿರಾರು ವರ್ಷದ ಇನ್ನು ಸಂಪ್ರದಾಯ" ಅನ್ನುವ ಚೀಟಿಗಿಂತ "ಇದನ್ನು ಹೆಣೆದವರು ಇಂಥವರು, ಇಂಥ ಊರಿನವರು" ಅನ್ನುವ ಚೀಟಿಯನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಸಂಸ್ಕೃತಿಯಲ್ಲಿ ಕನಸಿಗೆ ಏನು ಬೆಲೆ?

ತುಂಬಾ ದೊಡ್ಡ ಬೆಲೆ. ಕನಸು ಅಲ್ಲಿ ಬೇಟೆಯ ಒಂದು ಭಾಗವೇ ಆಗಿತ್ತು. ಪ್ರಾಣಿ ತಾನಾಗಿ ಒಪ್ಪಿ ಬಂದರೆ ಮಾತ್ರ ಬೇಟೆಗಾರನಿಗೆ ಸಿಗುತ್ತದೆ, ಎಲ್ಲಿ ಸಿಗುತ್ತದೆ ಅನ್ನುವುದು ಕನಸಿನಲ್ಲಿ ತಿಳಿಯುತ್ತದೆ ಅನ್ನುವುದು ಹಿರಿಯರ ನಂಬಿಕೆ. ಕ್ಯಾರಿಬೂವಿನ ಹೆಗಲ ಮೂಳೆಯನ್ನು ಕೆಂಡದ ಮೇಲೆ ಹಿಡಿದು, ಬಿದ್ದ ಬಿರುಕು ಮತ್ತು ಸುಟ್ಟ ಕಲೆ ನೋಡಿ ಹಿಂಡು ಯಾವ ಕಡೆ ಇದೆ ಅಂತ ಓದುವ ಪದ್ಧತಿಯೂ ಇತ್ತು.

ಇದಕ್ಕಿಂತ ಚೆಂದದ ಸಾಕ್ಷಿ ಅವರ ಬಣ್ಣದ ಕೋಟುಗಳು. ಸುಮಾರು 1700ರಿಂದ 1930ರವರೆಗೆ ಇನ್ನು ಹೆಂಗಸರು ಕ್ಯಾರಿಬೂ ತೊಗಲಿನ ಕೋಟು ಹೊಲಿದು, ಅದರ ಮೇಲೆ ಕೆಂಪು, ಹಳದಿ ಬಣ್ಣದಲ್ಲಿ ಚಿತ್ತಾರ ಬರೆಯುತ್ತಿದ್ದರು. ಬಣ್ಣ ಅಂಟಿಕೊಳ್ಳಲು ಮೀನಿನ ಮೊಟ್ಟೆ ಬೆರೆಸುತ್ತಿದ್ದರು. ಬರೆಯುವ ಕಡ್ಡಿ ಮೂಳೆಯದ್ದು, ಇಲ್ಲವೇ ಕೊಂಬಿನದು. ಒಂದೇ ಕಡ್ಡಿಗೆ ಎರಡು ಮೂರು ಹಲ್ಲು ಇರುತ್ತಿದ್ದುದರಿಂದ ಗೆರೆಗಳು ಜೋಡಿ ಜೋಡಿಯಾಗಿ ಸಮಾನವಾಗಿ ಬೀಳುತ್ತಿದ್ದವು. ಚಿತ್ತಾರ ಗಂಡ ಕಂಡ ಕನಸಿನದು, ಬರೆಯುವುದು ಹೆಂಡತಿ. ಅಂಥ ಕೋಟು ತೊಟ್ಟು ಹೋದರೆ ಕ್ಯಾರಿಬೂಗೆ ಖುಷಿಯಾಗುತ್ತದೆ ಅಂತ ನಂಬಿಕೆ. ಯೂರೋಪ್ ಮತ್ತು ಕೆನಡಾದ ಮ್ಯೂಸಿಯಮ್‌ಗಳಲ್ಲಿ ಈಗಲೂ ಇವನ್ನು ನೋಡಬಹುದು.

ಅಂದರೆ ಇಲ್ಲಿ ಕನಸನ್ನು ಸೋಸುವುದಕ್ಕಿಂತ ಕನಸನ್ನು ಕೇಳಿಸಿಕೊಳ್ಳುವುದು ಮುಖ್ಯವಾಗಿತ್ತು. ಇನ್ನು ಜನರ ಕೈಯ ಡ್ರೀಮ್‌ಕ್ಯಾಚರ್ ಕೊಳ್ಳುವವರಿಗೆ ಇದು ಗೊತ್ತಿರಲಿ ಅನ್ನುವುದು ನನ್ನ ಆಸೆ.

ಜೇಡಜ್ಜಿಯ ಕಥೆ ಇವರದ್ದೇನಾ?

ಡ್ರೀಮ್‌ಕ್ಯಾಚರ್ ಜೊತೆ ಹೇಳುವ, ಮಕ್ಕಳನ್ನು ಕಾಯುವ ಜೇಡಜ್ಜಿಯ ಕಥೆ ಒಜಿಬ್ವೆ ಜನರದ್ದು. ಇನ್ನು ಜನರ ಹಳೆಯ ಕಥೆಗಳಲ್ಲಿ ಬೇರೆಯೇ ಒಂದು ಹಿಡಿಯುವ ಕಥೆ ಇದೆ. ಚಕಾಪೇಶ್ ಅಂತ ಒಬ್ಬ ಕುಳ್ಳ, ಭಾರಿ ಧೈರ್ಯದವನು. ಅಕ್ಕನ ಜೊತೆ ಇರುತ್ತಾನೆ. ಬೇಡ ಅಂದ ಕಡೆಯೇ ಹೋಗುತ್ತಾನೆ. ಒಮ್ಮೆ ಕಾಡಿನಲ್ಲಿ ಉರುಳು ಹಾಕಿ ಬರುತ್ತಾನೆ, ಉರುಳಿಗೆ ಸೂರ್ಯನೇ ಬೀಳುತ್ತಾನೆ. ಲೋಕವೆಲ್ಲ ಕತ್ತಲು. ಬಿಡಿಸಲು ಹತ್ತಿರ ಹೋದರೆ ಸುಡುತ್ತದೆ. ಕೊನೆಗೆ ಇಲಿಯಂಥ ಒಂದು ಪುಟ್ಟ ಪ್ರಾಣಿ ಹೋಗಿ ಉರುಳಿನ ದಾರ ಕಡಿದು ಸೂರ್ಯನನ್ನು ಬಿಡಿಸುತ್ತದೆ. ಈ ಕಥೆ ಕ್ರೀ ಜನರಲ್ಲೂ ಇದೆ, ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ. ಮಕ್ಕಳ ಕೋಣೆಗೆ ಇನ್ನು ಜನರ ಡ್ರೀಮ್‌ಕ್ಯಾಚರ್ ಕಟ್ಟಿದರೆ ಈ ಕಥೆ ಹೇಳಿ.

ಯಾವ ಯಾವ ಸಾಮಗ್ರಿ ಬಳಸುತ್ತಾರೆ?

ಬಳೆಗೆ ವಿಲ್ಲೋ ಕಡ್ಡಿ, ಆಲ್ಡರ್, ಅಥವಾ ಕೆಂಪು ತೊಗಟೆಯ ಡಾಗ್‌ವುಡ್. ಇವೆಲ್ಲ ಹೊಳೆ ದಂಡೆಯಲ್ಲಿ ಬೆಳೆಯುವ ಪೊದೆಗಳು, ಹಸಿ ಇದ್ದಾಗ ಮುರಿಯದೆ ಬಾಗುತ್ತವೆ. ಬಳೆಗೆ ಸುತ್ತಲು ಕ್ಯಾರಿಬೂ ಅಥವಾ ಮೂಸ್ ತೊಗಲಿನ ಪಟ್ಟಿ. ಮೂಸ್ ಅಂದರೆ ಕುದುರೆಯಷ್ಟು ಎತ್ತರದ ದೊಡ್ಡ ಜಿಂಕೆ ಜಾತಿ. ಬಲೆಗೆ ಪ್ರಾಣಿಯ ಬೆನ್ನಿನುದ್ದಕ್ಕೂ ಇರುವ ಸ್ನಾಯುವಿನ ನಾರು, ಅಥವಾ ಸ್ಪ್ರೂಸ್ ಮರದ ಬೇರು. ಸ್ಪ್ರೂಸ್ ಬೇರನ್ನು ಸೀಳಿ, ನೆನೆಸಿ ದಾರದ ಹಾಗೆ ಬಳಸುತ್ತಾರೆ. ಬರ್ಚ್ ತೊಗಟೆಯ ದೋಣಿಗಳನ್ನು ಹೊಲಿಯುತ್ತಿದ್ದುದೂ ಇದರಿಂದಲೇ. ಅಲಂಕಾರಕ್ಕೆ ಗರಿ, ಕೊಂಬಿನ ತುಂಡು, ಮುಳ್ಳುಹಂದಿಯ ಮುಳ್ಳು, ಗಾಜಿನ ಮಣಿ. ಗಾಜಿನ ಮಣಿ ಯೂರೋಪಿಯನ್ ವ್ಯಾಪಾರಿಗಳ ಜೊತೆ ಬಂದದ್ದು. ಆದರೆ ಅದು ಬಂದು ನೂರಾರು ವರ್ಷಗಳಾದವು, ಅದನ್ನು ಹೊರಗಿನದು ಅನ್ನುವ ಹಾಗಿಲ್ಲ.

ತೊಗಲು ಹದ ಮಾಡುವುದೇ ಇದರಲ್ಲಿ ಭಾರಿ ಕೆಲಸ. ಕೂದಲು, ಮಾಂಸದ ಪದರ ಕೆರೆದು ತೆಗೆಯಬೇಕು. ಪ್ರಾಣಿಯದೇ ಮಿದುಳನ್ನು ಸವರಿ, ತಿಕ್ಕಿ, ಎಳೆದು, ಹಿಂಡಿ ಮೆತ್ತಗೆ ಮಾಡಬೇಕು. ಆಮೇಲೆ ಚೀಲದಂತೆ ಹೊಲಿದು, ಲಡ್ಡು ಹಿಡಿದ ಮರದ ಹೊಗೆಯ ಮೇಲೆ ತೂಗುಬಿಡುತ್ತಾರೆ. ಉರಿ ಏಳಬಾರದು, ಹೊಗೆ ಮಾತ್ರ ಬರಬೇಕು. ಬಿಳಿ ತೊಗಲು ನಿಧಾನಕ್ಕೆ ಜೇನುಬಣ್ಣಕ್ಕೆ ತಿರುಗುತ್ತದೆ. ಹೊಗೆ ಕುಡಿದ ತೊಗಲು ಒದ್ದೆಯಾಗಿ ಒಣಗಿದರೂ ಗಟ್ಟಿಯಾಗುವುದಿಲ್ಲ. ಆ ಹೊಗೆವಾಸನೆ ವರ್ಷಗಟ್ಟಲೆ ಉಳಿಯುತ್ತದೆ.

ಬಲೆ ಹೆಣೆಯುವುದು ಹೇಗೆ?

ಕಡ್ಡಿಯನ್ನು ಮೊಣಕಾಲಿಗೆ ಒತ್ತಿ ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ತುದಿಗಳನ್ನು ಒಂದರ ಮೇಲೊಂದು ತಂದು ಕಟ್ಟಿ ಒಣಗಲು ಬಿಡುತ್ತಾರೆ. ಪೂರ್ತಿ ಒಣಗದೆ ಹೆಣೆದರೆ ಬಳೆ ಆಮೇಲೆ ಸೊಟ್ಟಗಾಗುತ್ತದೆ.

ದಾರವನ್ನು ಬಳೆಗೆ ಗಂಟು ಹಾಕಿ, ಸಮ ಅಂತರದಲ್ಲಿ ಕುಣಿಕೆ ಹಾಕುತ್ತಾ ಒಂದು ಸುತ್ತು ಬರುತ್ತಾರೆ. ಎರಡನೇ ಸುತ್ತಿನಿಂದ ದಾರ ಬಳೆಯನ್ನು ಮುಟ್ಟುವುದಿಲ್ಲ. ಹಿಂದಿನ ಸುತ್ತಿನ ಪ್ರತಿ ಎಳೆಯ ನಡುಮಧ್ಯಕ್ಕೆ ಕುಣಿಕೆ ಬೀಳುತ್ತದೆ. ಹೀಗೆ ಸುತ್ತುತ್ತಾ ಕಣ್ಣುಗಳು ಚಿಕ್ಕದಾಗುತ್ತಾ ನಡುವಿನ ತೂತಿಗೆ ಬಂದು ನಿಲ್ಲುತ್ತದೆ. ಪೂರ್ತಿ ಬಲೆ ಒಂದೇ ದಾರದ್ದು. ಮೊದಲ ಸುತ್ತಿನಲ್ಲಿ ಒಂದು ಕುಣಿಕೆ ಅತ್ತಿತ್ತ ಆದರೆ ತಪ್ಪು ಒಳಗಿನವರೆಗೂ ಬರುತ್ತದೆ. ಅದಕ್ಕೇ ಅನುಭವಿಗಳು ಮೊದಲ ಸುತ್ತಿಗೆ ಹೆಚ್ಚು ಸಮಯ ಕೊಡುತ್ತಾರೆ. ಎಳೆತವೂ ಹದವಾಗಿರಬೇಕು: ಜಾಸ್ತಿ ಎಳೆದರೆ ಬಳೆ ಮೊಟ್ಟೆಯಾಕಾರ ಆಗುತ್ತದೆ, ಕಮ್ಮಿ ಎಳೆದರೆ ಬಲೆ ಜೋತುಬೀಳುತ್ತದೆ.

ಕ್ಯಾರಿಬೂ ತೊಗಲು ಈಗಲೂ ಸಿಗುತ್ತದೆಯಾ?

ಕಷ್ಟ. ಜಾರ್ಜ್ ನದಿ ಹಿಂಡು ಅಂತ ಕರೆಯುವ ಕ್ಯಾರಿಬೂ ಹಿಂಡು 1990ರ ದಶಕದ ಆರಂಭದಲ್ಲಿ 7 ಲಕ್ಷಕ್ಕೂ ಹೆಚ್ಚಿತ್ತು. 2018ರ ಎಣಿಕೆಯಲ್ಲಿ ಉಳಿದದ್ದು ಸುಮಾರು 5,500. ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದ ಸರ್ಕಾರ 2013ರಲ್ಲಿ ಬೇಟೆ ನಿಲ್ಲಿಸಿತು. ಇನ್ನು ಜನರಿಗೆ ಇದು ಬರೀ ಮಾಂಸದ ಪ್ರಶ್ನೆಯಲ್ಲ. ಊಟ, ಬಟ್ಟೆ, ಡೋಲು, ಸ್ನೋಶೂ, ಹಬ್ಬ ಎಲ್ಲವೂ ಆ ಪ್ರಾಣಿಯ ಸುತ್ತಲೇ ಇದ್ದವು. ಅದರ ಮೂಳೆಯನ್ನು ನಾಯಿಗೆ ಹಾಕಬಾರದು, ಎತ್ತರದಲ್ಲಿ ಇಡಬೇಕು ಅಥವಾ ನೀರಿಗೆ ಬಿಡಬೇಕು, ಇಲ್ಲದಿದ್ದರೆ ಕ್ಯಾರಿಬೂಗಳ ಒಡೆಯನಿಗೆ ಕೋಪ ಬರುತ್ತದೆ ಅನ್ನುವಷ್ಟು ಗೌರವ.

ಹಾಗಾಗಿ ಈಗ ಮೂಸ್ ತೊಗಲು ಜಾಸ್ತಿ. ಸ್ನಾಯುವಿನ ನಾರಿನ ಬದಲು ಮೇಣ ಹಚ್ಚಿದ ಕೃತಕ ದಾರ ಬಳಸುವ ಇನ್ನು ಕಲಾವಿದರೂ ಇದ್ದಾರೆ. ಅದರಿಂದ ಅವರ ಕೆಲಸ ಕೀಳಾಗುವುದಿಲ್ಲ. ಕೃತಕ ದಾರವನ್ನು ಸ್ನಾಯು ನಾರು ಅಂತ ಸುಳ್ಳು ಹೇಳಿ ಮಾರಿದರೆ ಮಾತ್ರ ತಪ್ಪು.

ಹದ್ದಿನ ಗರಿ ಇರುವುದು ಸಿಗುತ್ತದೆಯಾ?

ಅಂಥದ್ದನ್ನು ಕೊಳ್ಳಬೇಡಿ. ಅಮೆರಿಕದಲ್ಲಿ ಬಾಲ್ಡ್ ಈಗಲ್ ಹದ್ದಿಗೆ 1940ರಿಂದಲೇ ಪ್ರತ್ಯೇಕ ಕಾನೂನಿನ ರಕ್ಷಣೆ ಇದೆ, ಗರಿ ಮಾರುವುದೂ ಕೊಳ್ಳುವುದೂ ಅಪರಾಧ. ಕೆನಡಾದಲ್ಲೂ ಹದ್ದಿನಂಥ ಬೇಟೆಗಾರ ಹಕ್ಕಿಗಳಿಗೆ ರಕ್ಷಣೆ ಇದೆ. ಮೂಲನಿವಾಸಿಗಳಿಗೆ ಹದ್ದಿನ ಗರಿ ಗೌರವದ ಕಾಣಿಕೆ, ಮಾರಾಟದ ಸರಕಲ್ಲ. ಮಾರಾಟದ ಡ್ರೀಮ್‌ಕ್ಯಾಚರ್‌ಗಳಲ್ಲಿ ಊಟಕ್ಕೆ ಬೇಟೆಯಾಡುವ ಕಾಡುಕೋಳಿ ಜಾತಿಯ ಗ್ರೌಸ್, ಚಳಿಗಾಲದಲ್ಲಿ ಬಿಳಿಯಾಗುವ ಟಾರ್ಮಿಗನ್, ಹೆಬ್ಬಾತು, ಸಾಕಿದ ಟರ್ಕಿ ಕೋಳಿಗಳ ಗರಿ ಕಾಣಸಿಗುತ್ತವೆ.

ಅಸಲಿ ಅಂತ ಗುರುತಿಸುವುದು ಹೇಗೆ?

ಮೊದಲು ಮೂಗಿನಿಂದ. ಹೊಗೆಯಲ್ಲಿ ಹದವಾದ ತೊಗಲಿನ ವಾಸನೆ ಯಾರೂ ನಕಲು ಮಾಡುವುದಿಲ್ಲ. ಆಮೇಲೆ ಬಳೆಯನ್ನು ನೋಡಿ. ಕಾಡಿನ ಕಡ್ಡಿ ಎಂದೂ ಪೂರ್ತಿ ದುಂಡಗಿರುವುದಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ತುದಿಗಳು ಸೇರುವಲ್ಲಿ ಉಬ್ಬು. ಬಳೆ ಅಚ್ಚುಕಟ್ಟಾಗಿ ದುಂಡಗಿದ್ದರೆ ಒಳಗೆ ತಂತಿ ಇದೆ ಅಂತಲೇ ಲೆಕ್ಕ. ಹದ ಮಾಡಿದ ತೊಗಲಿನ ಪಟ್ಟಿಯ ಅಗಲ ಅಲ್ಲಲ್ಲಿ ಬದಲಾಗುತ್ತದೆ, ರೆಕ್ಸಿನ್ ಪಟ್ಟಿ ಒಂದೇ ಸಮ ಇರುತ್ತದೆ.

ಇಷ್ಟೆಲ್ಲ ನೋಡಿದರೂ ಅದು ಇನ್ನು ಜನರ ಕೈಯದ್ದೇ ಅಂತ ಸಾಬೀತಾಗುವುದಿಲ್ಲ. ಅದಕ್ಕೆ ಕೇಳಿಯೇ ತಿಳಿಯಬೇಕು: ಮಾಡಿದವರ ಹೆಸರೇನು, ಯಾವ ಊರು, ಗರಿ ಯಾವ ಹಕ್ಕಿಯದು? ಗೊತ್ತಿರುವವರು ಖುಷಿಯಿಂದ ಹೇಳುತ್ತಾರೆ. "ನೇಟಿವ್ ಸ್ಟೈಲ್" ಅಂತಷ್ಟೇ ಬರೆದಿದ್ದರೆ ಅದು ಎಲ್ಲೋ ಕಾರ್ಖಾನೆಯದ್ದು ಅಂತ ತಿಳಿಯಿರಿ. ಮೂಲನಿವಾಸಿಗಳ ಹೆಸರಿನಲ್ಲಿ ನಕಲಿ ಕರಕುಶಲ ಮಾರುವುದನ್ನು ಅಮೆರಿಕ 1990ರ ಕಾನೂನಿನಿಂದ ತಡೆದಿದೆ. ಆ ಕಾನೂನು ಅಮೆರಿಕಕ್ಕೆ ಮಾತ್ರ. ಕೆನಡಾದಲ್ಲಿ ಕೊಳ್ಳುವವರು ತಾವೇ ವಿಚಾರಿಸಬೇಕು.

ಎಲ್ಲಿ ಕೊಳ್ಳುವುದು ಒಳ್ಳೆಯದು?

ಆದಷ್ಟು ಮಾಡಿದವರ ಹತ್ತಿರವೇ. ಟೊರಾಂಟೊ, ಮಾಂಟ್ರಿಯಲ್ ಕಡೆ ಇರುವ ಕನ್ನಡಿಗರು ಬೇಸಿಗೆಯಲ್ಲಿ ಕ್ವಿಬೆಕ್ ಸುತ್ತಲು ಹೋಗುತ್ತಾರಲ್ಲ, ಆಗ ಮಾಶ್ತೆವಿಯಾಚ್‌ನ ಮ್ಯೂಸಿಯಮ್ಮಿಗೂ ಸೆಪ್ಟ್-ಈಲ್‌ನ ಶಾಪುತುವಾನ್ ಮ್ಯೂಸಿಯಮ್ಮಿಗೂ ಹೋಗಿ. ಊರಿನ ಕಲಾವಿದರ ವಿಚಾರ ಅಲ್ಲಿ ಕೇಳಬಹುದು. ಮಾನಿ-ಉತೆನಾಮ್‌ನಲ್ಲಿ 1980ರ ದಶಕದಿಂದ ನಡೆಯುತ್ತಿರುವ ಇನ್ನು ನಿಕಾಮು ಸಂಗೀತ ಹಬ್ಬವೂ ಬೇಸಿಗೆಯಲ್ಲೇ. ಚೌಕಾಸಿ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ತೊಗಲು ಹದ ಮಾಡಿದ ದಿನಗಳೆಲ್ಲ ಆ ಬೆಲೆಯಲ್ಲಿ ಸೇರಿವೆ, ಇನ್ನೂರು ಮುನ್ನೂರು ರೂಪಾಯಿಯ ಮಾಲಿನ ಜೊತೆ ಹೋಲಿಸಬಾರದು.

ಭಾರತಕ್ಕೆ ತರಬಹುದಾ?

ಗರಿ, ತೊಗಲು, ಕೊಂಬು ಮೂರೂ ಪ್ರಾಣಿಮೂಲದ್ದು. ಹಾಗಾಗಿ ಹೊರಡುವ ಮೊದಲೇ ಎರಡೂ ದೇಶದ ನಿಯಮ ವಿಚಾರಿಸಿ, ಕಸ್ಟಮ್ಸ್‌ನಲ್ಲಿ ಮುಚ್ಚಿಡದೆ ತಿಳಿಸಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಕಟ್ಟುನಿಟ್ಟು. ಕೊಂಬಿನ ತುಂಡು ನೋಡಿದರೆ ಅದು ಕಡವೆಯದೋ ಕ್ಯಾರಿಬೂದೋ ಅಂತ ಅಧಿಕಾರಿಗೆ ಗೊತ್ತಾಗುವುದಿಲ್ಲ. ಪ್ರಾಣಿ, ಹಕ್ಕಿಯ ಹೆಸರು ಬರೆದ ರಸೀದಿ ಜೊತೆಗಿರಲಿ. ತಲೆನೋವು ಬೇಡ ಅನ್ನುವವರು ಕೊಂಬು, ಗರಿ ಇಲ್ಲದ್ದನ್ನು ಮಾಡಿಕೊಡಿ ಅಂತ ಕೇಳಬಹುದು.

ನಮ್ಮ ಮನೆಯಲ್ಲಿ ತೊಗಲಿನ ವಸ್ತು ಇಟ್ಟುಕೊಳ್ಳುವುದಿಲ್ಲ. ಏನು ಮಾಡಲಿ?

ಸ್ಪ್ರೂಸ್ ಬೇರಿನ ಬಲೆ, ಬರ್ಚ್ ತೊಗಟೆಯ ಅಲಂಕಾರ ಇರುವುದನ್ನು ಕೇಳಿ. ಇದು ರಾಜಿಯಲ್ಲ. ಮೇಲೆ ಹೇಳಿದ ಒಜಿಬ್ವೆ ತೊಟ್ಟಿಲ ಬಲೆ ಗಿಡದ ನಾರಿನದ್ದೇ ಅಲ್ವಾ?

ನಮ್ಮ ಮಳೆಗಾಲ ತಡೆಯುತ್ತದೆಯಾ?

ಇದು ಚಳಿ ನಾಡಿನ ವಸ್ತು. ಮಂಗಳೂರು, ಮಲೆನಾಡಿನ ಜೂನ್-ಜುಲೈ ಇದಕ್ಕೆ ಕಷ್ಟಕಾಲ. ಮಳೆಗಾಲದಲ್ಲಿ ತಮಟೆಯ ತೊಗಲು ಸಡಿಲವಾಗುವ ಹಾಗೆ ಸ್ನಾಯು ನಾರಿನ ಬಲೆಯೂ ಜೋತುಬೀಳುತ್ತದೆ. ಬಿಸಿಲುಗಾಲಕ್ಕೆ ತಾನೇ ಬಿಗಿಯಾಗುತ್ತದೆ, ಗಾಬರಿಯಾಗಿ ಎಳೆದು ಕಟ್ಟಬೇಡಿ. ಎಳೆದರೆ ಒಣಗಿದಾಗ ಬಳೆಯೇ ಬಾಗುತ್ತದೆ.

ಬೂಷ್ಟು ಬಂದರೆ ಒಣ ಮೆತ್ತನೆ ಬ್ರಷ್‌ನಿಂದ ಹೊರಗೆ ಗಾಳಿಯಲ್ಲಿ ಉಜ್ಜಿ. ಒದ್ದೆ ಬಟ್ಟೆ ಬೇಡ, ನೇರ ಬಿಸಿಲೂ ಬೇಡ. ಗರಿಗೆ ಹುಳ ಹಿಡಿದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ಚೀಲ ಬಿಚ್ಚುವ ಮುಂಚೆ ಒಂದು ದಿನ ಹಾಗೇ ಬಿಡಿ, ಇಲ್ಲದಿದ್ದರೆ ನೀರಿನ ಹನಿ ಕೂರುತ್ತದೆ. ಮ್ಯೂಸಿಯಮ್‌ಗಳಲ್ಲೂ ಇದೇ ಉಪಾಯ ಬಳಸುತ್ತಾರೆ. ಹೊರಗಿನ ಗೋಡೆಗೆ ತಾಗಿದ ಹಾಗೆ ತೂಗುಹಾಕಬೇಡಿ, ಮಳೆಗಾಲದಲ್ಲಿ ಆ ಗೋಡೆ ತೇವ ಕಾರುತ್ತದೆ.

ಯಾವ ದಿಕ್ಕಿಗೆ ಕಟ್ಟಬೇಕು? ವಾಸ್ತು ಏನು ಹೇಳುತ್ತದೆ?

ವಾಸ್ತುವಿಗೂ ಇದಕ್ಕೂ ಸಂಬಂಧವೇ ಇಲ್ಲ. ಆನ್‌ಲೈನ್‌ನಲ್ಲಿ ಕಾಣುವ ದಿಕ್ಕಿನ ನಿಯಮಗಳೆಲ್ಲ ಮಾರುವವರು ಸೇರಿಸಿದ್ದು. ಮಲಗುವ ಕೋಣೆಯಲ್ಲಿ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಕಟ್ಟಿ. ಎಳೆ ಮಗುವಿನ ತೊಟ್ಟಿಲಿಗೇ ಕಟ್ಟುವುದು ಬೇಡ. ಮಣಿ, ದಾರ ಬಾಯಿಗೆ, ಕತ್ತಿಗೆ ಹೋಗುವ ಭಯ. ಕಾರಿನ ಕನ್ನಡಿಯೂ ಬೇಡ. ಬಿಸಿಲಿಗೆ ನಿಂತ ಕಾರಿನ ಕಾವು ತೊಗಲನ್ನು ಹಪ್ಪಳ ಮಾಡುತ್ತದೆ, ಓಡಿಸುವವರ ಕಣ್ಣಿಗೂ ಅಡ್ಡ.

ನಾನೇ ಮಾಡಿ ಮಾರಬಹುದಾ?

ಮನೆಯಲ್ಲಿ, ಶಾಲೆಯಲ್ಲಿ ಮಕ್ಕಳ ಜೊತೆ ಹೆಣೆದು ಕಲಿಯಿರಿ, ಖಂಡಿತ. ಒಜಿಬ್ವೆ ಜನರ ಹೆಸರು ಹೇಳಿಕೊಟ್ಟು ಕಲಿಸಿ. ಆದರೆ ಮೂಲನಿವಾಸಿಗಳದ್ದು ಅನ್ನುವ ಹೆಸರು ಹಾಕಿ ಮಾರಬೇಡಿ. ಆ ಹೆಸರಿನಿಂದ ಹೊಟ್ಟೆ ಹೊರೆಯುವವರು ಅಲ್ಲಿದ್ದಾರೆ.

ಬಲೆಯ ದಾರ ಒಂದು ಕಡೆ ಹರಿದಿದೆ. ಸರಿಮಾಡಬಹುದಾ?

ಆಗುತ್ತದೆ. ಬಲೆ ಒಂದೇ ದಾರದ್ದಾದರೂ ಪ್ರತಿ ಕುಣಿಕೆಯೂ ಪಕ್ಕದ್ದನ್ನು ಹಿಡಿದುಕೊಂಡಿರುತ್ತದೆ, ತಕ್ಷಣ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಹರಿದ ಎರಡೂ ತುದಿಗಳನ್ನು ಕತ್ತರಿಸದೆ, ಅದೇ ದಪ್ಪದ ಮೇಣದ ದಾರದ ಚಿಕ್ಕ ತುಂಡು ಸೇರಿಸಿ ಗಂಟು ಹಾಕಿ. ಅಂಟು ಹಾಕಬೇಡಿ, ತೊಗಲಿಗೂ ನಾರಿಗೂ ಅಂಟಿನ ಕಲೆ ಹೋಗುವುದಿಲ್ಲ. ಮಾಡಿದವರ ಗುರುತು ಇದ್ದರೆ ಒಂದು ಫೋಟೊ ಕಳಿಸಿ ಕೇಳಿ. ಯಾವ ದಾರ, ಯಾವ ಗಂಟು ಅಂತ ಅವರಿಗಿಂತ ಚೆನ್ನಾಗಿ ಹೇಳುವವರು ಯಾರೂ ಇಲ್ಲ.